ಇಡೀ ದಿನ ವಾರ್ಡ್‌ನಲ್ಲಿ ಓಡಾಡುವವಳಿಗೆ ಮತ್ತೆ ವ್ಯಾಯಾಮ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 24 ವರ್ಷ. ಊರು ಚಿತ್ರದುರ್ಗದ ಹತ್ತಿರ. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಸೇರಿ ಒಂದು ವರ್ಷ ಆಗುತ್ತಾ ಬಂತು. ಮಾರ್ನಿಂಗ್ 8ರಿಂದ 2, ಈವ್ನಿಂಗ್ 2ರಿಂದ 8, ನೈಟ್ ರಾತ್ರಿ 8ರಿಂದ ಬೆಳಗ್ಗೆ 8. ನೈಟ್ ಬಂದರೆ ಸತತ ಆರು ರಾತ್ರಿ. ಡ್ಯೂಟಿ ದಿನ ಫೋನಿನಲ್ಲಿ ಹನ್ನೊಂದು ಸಾವಿರ ಹೆಜ್ಜೆ ತೋರಿಸುತ್ತದೆ. ಪಿಜಿಗೆ ಬಂದರೆ ಮಂಚ ಬಿಟ್ಟು ಏಳಲು ಆಗುವುದಿಲ್ಲ. ಕಾಲೇಜಿನಲ್ಲಿ ಥ್ರೋಬಾಲ್ ಟೀಮಿನಲ್ಲಿದ್ದವಳು ನಾನು. ಈಗ ಯಾರಾದರೂ ‘ಸಿಸ್ಟರ್’ ಅಂತ ಕೂಗಿದರೆ ಸಿಟ್ಟು ಬರುತ್ತದೆ, ಆಮೇಲೆ ಸಿಟ್ಟು ಬಂದಿದ್ದಕ್ಕೇ ಬೇಜಾರಾಗುತ್ತದೆ. ಆಸ್ಪತ್ರೆಯಲ್ಲಿ ಸ್ಟ್ರೆಸ್ ಬಗ್ಗೆ ಒಂದು ಕ್ಲಾಸ್ ಮಾಡಿ ‘ದಿನಾ ಏರೋಬಿಕ್, ಅಂದರೆ ಎದೆಬಡಿತ, ಉಸಿರು ಏರಿಸುವ ವ್ಯಾಯಾಮ ಮಾಡಿ’ ಎಂದರು. ಇಡೀ ದಿನ ನಡೆಯುವವರಿಗೆ ಇನ್ನೂ ವ್ಯಾಯಾಮ ಬೇಕಾ? ಬೇಕಾದರೆ ನೈಟ್ ಇದ್ದಾಗ ಯಾವಾಗ ಮಾಡಲಿ? ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಕೇಳಿದಾಗಿನಿಂದ ಅಮ್ಮ ಓಡೋದು ಗೀಡೋದು ಬೇಡ ಅನ್ನುತ್ತಾರೆ. ಇನ್ನೊಂದು ಮಾತು. ಸ್ಟಾಫ್ ಕಡಿಮೆ ಇರುವುದು ಆಸ್ಪತ್ರೆಯ ಸಮಸ್ಯೆ. ಅದಕ್ಕೆ ನಾನು ಯಾಕೆ ವ್ಯಾಯಾಮ ಮಾಡಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಹೇಳದೆ ಉಳಿದದ್ದನ್ನು ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ನೀವು ಹೇಳುತ್ತಿರುವುದು ಸರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅಂದರೆ ಏನು ಎಂದು ವಿವರಿಸಿತು. ಅದನ್ನು ಕಾಯಿಲೆಗಳ ಸಾಲಿನಲ್ಲಿ ಸೇರಿಸಲಿಲ್ಲ. ಕೆಲಸದ ಜಾಗದಲ್ಲಿ ಬಹಳ ಕಾಲ ಇದ್ದ ಒತ್ತಡವನ್ನು ಸರಿಯಾಗಿ ನಿಭಾಯಿಸದೇ ಹೋದಾಗ ಬರುವ ಸ್ಥಿತಿ ಎಂದಿತು. ಅದಕ್ಕೆ ಮೂರು ಲಕ್ಷಣ ಹೇಳಿತು. ಮೈಮನಸ್ಸು ಬರಿದಾದಂತೆ ಸುಸ್ತು. ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಕಹಿ. ಮತ್ತೆ, ನನ್ನ ಕೈಲಿ ಏನೂ ಆಗುತ್ತಿಲ್ಲ ಎಂಬ ಭಾವನೆ. ಮೊದಲ ಎರಡನ್ನು ನೀವು ನಿಮ್ಮ ಮಾತಿನಲ್ಲೇ ಬರೆದಿದ್ದೀರಿ. ‘ಸಿಸ್ಟರ್’ ಅಂದಾಗ ಸಿಟ್ಟು ಬರುತ್ತದೆ ಅಂದರೆ ನಿಮ್ಮ ಸ್ವಭಾವ ಕೆಟ್ಟಿತು ಅಂತಲ್ಲ. ಸಿಟ್ಟು ಬಂದಿದ್ದಕ್ಕೆ ಬೇಜಾರಾಗುತ್ತಿದೆಯಲ್ಲ, ರೋಗಿಗಳ ಬಗ್ಗೆ ನಿಮಗಿರುವ ಕಾಳಜಿ ಇನ್ನೂ ಇದೆ ಅನ್ನುವುದಕ್ಕೆ ಅದೇ ಗುರುತು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನೋವೈದ್ಯ ಸೃಜನ್ ಸೇನ್ ಮತ್ತು ಅವರ ತಂಡ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆಗಷ್ಟೇ ಇಂಟರ್ನ್‌ಶಿಪ್ ಶುರು ಮಾಡುತ್ತಿದ್ದ ಯುವ ವೈದ್ಯರನ್ನು ಕೆಲಸಕ್ಕೆ ಸೇರುವ ಮೊದಲೂ ಸೇರಿದ ಮೇಲೂ ನೋಡಿದರು. ಮೊದಲು ಖಿನ್ನತೆಯ ಮಟ್ಟ ಮುಟ್ಟಿದವರು ಶೇ 3.9. ಇಂಟರ್ನ್‌ಶಿಪ್ ವರ್ಷದಲ್ಲಿ ಅದು ಸರಾಸರಿ ಶೇ 25ರ ಆಚೆ ಹೋಯಿತು. ಅದೇ ಜನ, ಅದೇ ಮನಸ್ಸು, ಬದಲಾಗಿದ್ದು ಕೆಲಸ. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ಒಂದು ಕಾರ್ಯಪಡೆ ಮಾಡಿತ್ತು. ಅದರ ಅಧ್ಯಕ್ಷರು ನಮ್ಮ ನಿಮ್ಹಾನ್ಸ್‌ನ ಪ್ರಾಧ್ಯಾಪಕರೇ. 2024ರ ಆ ವರದಿ ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರಿ ಕೆಲಸ ಬೇಡ, ವಾರಕ್ಕೆ ಒಂದು ಪೂರ್ತಿ ರಜೆ ಬೇಕು, ದಿನಕ್ಕೆ 7–8 ಗಂಟೆ ನಿದ್ದೆ ಬೇಕು ಎಂದಿತು. ನಿಮ್ಮ ಲೆಕ್ಕ ನೋಡಿ. ಆರು ರಾತ್ರಿ, ರಾತ್ರಿಗೆ 12 ಗಂಟೆ. 72 ಗಂಟೆ. ನರ್ಸ್‌ಗಳ ಈ 72 ಗಂಟೆಯ ಬಗ್ಗೆ ಯಾರೂ ಅಷ್ಟು ಜೋರಾಗಿ ಮಾತಾಡುತ್ತಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಾದರೆ ವ್ಯಾಯಾಮದ ಮಾತು ಯಾಕೆ? ನಿಮ್ಮ ವಾರ್ಡಿಗೆ ಸಾಕಷ್ಟು ಸ್ಟಾಫ್ ಬರಲು ಎಷ್ಟು ತಿಂಗಳು ಬೇಕೋ. ಅಲ್ಲಿಯ ತನಕ ನಿಮ್ಮ ದೇಹ ಕಾಯುವುದಿಲ್ಲ. ಆಸ್ಪತ್ರೆಯ ತಪ್ಪು ಮುಚ್ಚಿಹಾಕಲು ವ್ಯಾಯಾಮ ಮಾಡಿ ಅಂತ ನಾನು ಹೇಳುತ್ತಿಲ್ಲ. ಆ ತಪ್ಪಿನ ಬೆಲೆಯನ್ನು ನಿಮ್ಮ ಆರೋಗ್ಯದಿಂದ ತೆರುವುದು ಬೇಡ ಅಂತ ಹೇಳುತ್ತಿದ್ದೇನೆ. ಇದು ಸುಮ್ನೆ ಸಮಾಧಾನದ ಮಾತಲ್ಲ, ಆಸ್ಪತ್ರೆ ಸಿಬ್ಬಂದಿಯ ಮೇಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ಕೆನಡಾದ ವ್ಯಾಂಕೂವರ್‌ನಲ್ಲಿ 2022ರಲ್ಲಿ 288 ಆರೋಗ್ಯ ಸಿಬ್ಬಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫೋನಿನ ವ್ಯಾಯಾಮದ ಆ್ಯಪ್ ಉಚಿತವಾಗಿ ಕೊಟ್ಟು, ವಾರಕ್ಕೆ ನಾಲ್ಕು ಸಲ 20 ನಿಮಿಷ ಮನೆಯಲ್ಲೇ ಮಾಡಿ ಎಂದರು. ಇನ್ನೊಂದು ಗುಂಪಿಗೆ ನಿಮ್ಮ ಸರದಿ ಆಮೇಲೆ ಎಂದರು. 12 ವಾರ ಆದಮೇಲೆ ನೋಡಿದರೆ, ವ್ಯಾಯಾಮದ ಗುಂಪಿನವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾಗಿತ್ತು. ಮನಸ್ಸು ಬರಿದಾದ ಸುಸ್ತು, ಕೆಲಸದ ಮೇಲಿನ ಕಹಿ ಕಡಿಮೆಯಾಗಿತ್ತು. ಹುಷಾರಿಲ್ಲ ಅಂತ ರಜೆ ಹಾಕುವುದೂ ತಗ್ಗಿತ್ತು. ಲಾಭ ಭಾರೀ ಅಂತ ಹೇಳಲಾರೆ. ಸಣ್ಣದರಿಂದ ಮಧ್ಯಮ ಅನ್ನಬಹುದು. ಆದರೆ ವಾರಕ್ಕೆ 80 ನಿಮಿಷಕ್ಕೆ ಇಷ್ಟು ಸಿಕ್ಕರೆ ನನ್ನ ಪ್ರಕಾರ ಅದು ಒಳ್ಳೆಯ ಲಾಭವೇ. ಈ ಅಧ್ಯಯನದ ಇನ್ನೊಂದು ಮುಖ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಹನ್ನೊಂದು ಸಾವಿರ ಹೆಜ್ಜೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನರ್ಸ್‌ಗಳು, ಹೌಸ್ ಸರ್ಜನ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಎಲ್ಲರೂ ನನಗೆ ಹೇಳುವ ಮೊದಲ ಮಾತೇ ಇದು.

ನಿಮ್ಮ ನಡಿಗೆ ಹೇಗಿರುತ್ತದೆ ನೋಡಿ. ಸ್ಟೇಷನ್‌ನಿಂದ ಏಳನೇ ಬೆಡ್‌ಗೆ ಇಪ್ಪತ್ತು ಹೆಜ್ಜೆ. ಅಲ್ಲಿ ನಿಲ್ಲುತ್ತೀರಿ. ಡ್ರಿಪ್ ನಿಂತಿದೆ. ಬಗ್ಗಿ ಕ್ಯಾನುಲಾ ನೋಡುತ್ತೀರಿ, ಕೈ ಊದಿದೆಯಾ ಅಂತ ಮುಟ್ಟುತ್ತೀರಿ, ಫ್ಲಶ್ ಮಾಡುತ್ತೀರಿ, ಹನಿ ಎಣಿಸುತ್ತೀರಿ. ಅಷ್ಟರಲ್ಲಿ ಹತ್ತನೇ ಬೆಡ್‌ನ ಅಟೆಂಡರ್ ಬಂದು ‘ಸಿಸ್ಟರ್, ಜ್ವರ ಜಾಸ್ತಿಯಾಗಿದೆ’ ಅನ್ನುತ್ತಾರೆ. ಅಲ್ಲಿಗೆ ಹನ್ನೆರಡು ಹೆಜ್ಜೆ. ಮತ್ತೆ ನಿಲ್ಲುತ್ತೀರಿ. ವಾಪಸ್ ಬಂದು ಫೈಲ್ ಬರೆಯುತ್ತೀರಿ, ಅದೂ ಅರ್ಧ ನಿಂತುಕೊಂಡೇ. ಹೀಗೆ ಆರು ಗಂಟೆ, ಹನ್ನೆರಡು ಗಂಟೆ. ಹೆಜ್ಜೆ ನಿಜ, ಸುಸ್ತೂ ನಿಜ. ಕಾಲು ಊದುವುದು, ಹಿಮ್ಮಡಿ ನೋಯುವುದು, ಸೊಂಟ ಹಿಡಿಯುವುದು ಎಲ್ಲ ನಿಜ. ಆದರೆ ಎದೆಬಡಿತ ಒಂದು ಮಟ್ಟಕ್ಕೆ ಏರಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುವುದೇ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಫಸ್ಟ್ ಗೇರ್‌ನಲ್ಲೇ ತೆವಳುವ ಬಸ್ಸಿನ ಎಂಜಿನ್ ಹಾಗೆ, ಡೀಸೆಲ್ ಉರಿಯುತ್ತದೆ, ಬಿಸಿ ಏರುತ್ತದೆ, ದಾರಿ ಮಾತ್ರ ಸಾಗುವುದಿಲ್ಲ. ನಂಬಿಕೆ ಬರದಿದ್ದರೆ ನಾಳೆ ಡ್ಯೂಟಿಯ ಮಧ್ಯೆ ರೋಗಿಗಳ ಪಲ್ಸ್ ನೋಡಿದ ಹಾಗೆ ನಿಮ್ಮದೂ ಒಂದು ಸಲ ನೋಡಿ, ಬರೆದಿಡಿ. ವ್ಯಾಯಾಮದ ಸಂಖ್ಯೆ ಎಷ್ಟು ಅಂತ ಮುಂದೆ ಹೇಳುತ್ತೇನೆ, ಹೋಲಿಸಿ ನೋಡಿ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 10 ವರ್ಷ ಗಮನಿಸಿದ ಅಧ್ಯಯನ 2021ರಲ್ಲಿ ಬಂತು. ಬಿಡುವಿನ ಹೊತ್ತಿನಲ್ಲಿ ಮೈ ದಂಡಿಸುವವರಿಗೆ ಹೃದಯದ ತೊಂದರೆ ಕಡಿಮೆ. ಕೆಲಸದಲ್ಲಿ ಮೈ ದಂಡಿಸುವವರಿಗೆ ಹಾಗೆ ಕಾಣಲಿಲ್ಲ, ಅಪಾಯ ಜಾಸ್ತಿಯೇ ಇತ್ತು. ಸಿಗರೇಟು, ಆದಾಯ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಉಳಿಯಿತು. ಇದರ ಬಗ್ಗೆ ತಜ್ಞರಲ್ಲಿ ವಾದ ಇದೆ. ಕಷ್ಟದ ಕೆಲಸ ಮಾಡುವವರು ಬಡವರೇ ಜಾಸ್ತಿ, ಅವರ ಬದುಕಿನ ಬೇರೆ ತೊಂದರೆಗಳು ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ ಎನ್ನುವವರೂ ಇದ್ದಾರೆ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಕೆಲಸದ ಶ್ರಮ ಗಂಟೆಗಟ್ಟಲೆ ಇರುತ್ತದೆ, ತೀವ್ರತೆ ಕಡಿಮೆ, ನಡುವೆ ಸುಧಾರಿಸಿಕೊಳ್ಳಲು ಬಿಡುವಿಲ್ಲ. ಬಿಪಿ, ಎದೆಬಡಿತ ಇಡೀ ದಿನ ಸ್ವಲ್ಪ ಮೇಲೆಯೇ ಇರುತ್ತದೆ. ವ್ಯಾಯಾಮದಲ್ಲಿ ಹೊತ್ತು ಕಡಿಮೆ, ತೀವ್ರತೆ ಜಾಸ್ತಿ, ಆಮೇಲೆ ಪೂರ್ತಿ ವಿಶ್ರಾಂತಿ.

ಇದಕ್ಕೆ ಎದುರಾಗಿ ಒಂದು ಹಳೆಯ ಉದಾಹರಣೆಯೂ ಇದೆ. ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ನೋಡಿದರು. ಕೂತೇ ಇರುವ ಡ್ರೈವರ್‌ಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಹತ್ತುವುದು ಎದೆಬಡಿತವನ್ನು ಏರಿಸುತ್ತದೆ, ವಾರ್ಡ್‌ನ ಸಪಾಟು ನೆಲದ ಓಡಾಟ ಅಷ್ಟು ಏರಿಸುವುದಿಲ್ಲ. ಆದ್ದರಿಂದ ನಿಮ್ಮ ಆಸ್ಪತ್ರೆಯಲ್ಲಿ ಲಿಫ್ಟ್ ಬಿಟ್ಟು ಎರಡು ಮೂರು ಮಹಡಿ ಬೇಗ ಬೇಗ ಹತ್ತಿದರೆ ಅದು ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರಷ್ಟೇ ಲೆಕ್ಕ ಎಂದಿತ್ತು. 2020ರಲ್ಲಿ ಆ ನಿಯಮ ತೆಗೆದುಹಾಕಿತು.

ಮನಸ್ಸಿಗೂ ಇದಕ್ಕೂ ಏನು ಸಂಬಂಧ? ವ್ಯಾಯಾಮ ಮಾಡಿದರೆ ಎಂಡಾರ್ಫಿನ್ ಎಂಬ, ಮನಸ್ಸನ್ನು ಹಗುರ ಮಾಡುವ ರಾಸಾಯನಿಕ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆ ಕ್ಲಾಸ್‌ನಲ್ಲೂ ಹೇಳಿರುತ್ತಾರೆ. ಅದು ಅರ್ಧ ಕತೆ. ರಕ್ತದಲ್ಲಿರುವ ಎಂಡಾರ್ಫಿನ್ ಸುಲಭವಾಗಿ ಮಿದುಳಿನ ಒಳಗೆ ಹೋಗುವುದಿಲ್ಲ. ಓಡಿದ ಮೇಲಿನ ಆ ಹಗುರಕ್ಕೆ ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಎಂಬ ಬೇರೆ ರಾಸಾಯನಿಕಗಳೂ ಕಾರಣ ಇರಬೇಕು ಎಂಬ ಕಡೆಗೆ ಈಗಿನ ಸಂಶೋಧನೆ ಹೊರಳಿದೆ. ನಿದ್ದೆ ಗಾಢವಾಗುವುದೂ ಒಂದು ಕಾರಣ.

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಕಾರಣ ಬೇರೆ ಇದೆ. ರೋಗಿಯ ಎದೆಬಡಿತ ನಿಂತಿತು, ಎಲ್ಲರೂ ಓಡಿ ಬನ್ನಿ ಎಂಬ ಕೋಡ್ ಬ್ಲೂ ಕೂಗಿದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಮೇಲೆ ಬರುತ್ತದೆ. ಹೊಸಬರಿಗೆ ಆ ಅನುಭವವೇ ಹೆದರಿಕೆ ಹುಟ್ಟಿಸುತ್ತದೆ. ಹೆದರಿಕೆ ಎದೆಬಡಿತವನ್ನು ಇನ್ನೂ ಏರಿಸುತ್ತದೆ. ಜೋರಾಗಿ ನಡೆದಾಗಲೂ ಹಗ್ಗ ಹಾರಿದಾಗಲೂ ಆಗುವುದು ಅದೇ ಬಡಿತ, ಅದೇ ಉಸಿರು. ಅಲ್ಲಿ ಅದನ್ನು ಏರಿಸಿದವರು ನೀವೇ, ನಿಲ್ಲಿಸಿದ ಮೇಲೆ ಅದು ಇಳಿಯುವುದನ್ನು ನೋಡುವವರೂ ನೀವೇ. ವಾರಗಟ್ಟಲೆ ಹೀಗೆ ಮಾಡಿದವರಿಗೆ ಎದೆ ಹೊಡೆದುಕೊಂಡರೆ ಭಯ ಹುಟ್ಟುವುದು ಕಡಿಮೆಯಾಗುತ್ತದೆ. ಗಲಾಟೆ ಮುಗಿದ ಮೇಲೆ ದೇಹ ಬೇಗ ಶಾಂತ ಸ್ಥಿತಿಗೆ ಮರಳುತ್ತದೆ. ವಾರ್ಡ್‌ನ ಕೆಲಸ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಆದರೆ ಡ್ಯೂಟಿ ಮುಗಿಸಿ ಪಿಜಿಗೆ ಬಂದಾಗ ಆ ದಿನದ ಗಲಾಟೆ ಮೈಯಲ್ಲೇ ಉಳಿದಿರುವುದಿಲ್ಲ.

2024ರಲ್ಲಿ 218 ಪ್ರಯೋಗಗಳನ್ನು, ಒಟ್ಟು 14 ಸಾವಿರ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ ಬಂತು. ಖಿನ್ನತೆಗೆ ನಡಿಗೆ ಮತ್ತು ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಮೂರರಿಂದಲೂ ಉಪಯೋಗ ಕಂಡಿತ್ತು. ತೀವ್ರತೆ ಜಾಸ್ತಿಯಿದ್ದಷ್ಟೂ ಲಾಭ ಜಾಸ್ತಿ. ಆದ್ದರಿಂದ ಏರೋಬಿಕ್ ಅಂದರೆ ಜಿಮ್ ಅಥವಾ ಟ್ರೆಡ್‌ಮಿಲ್ ಅಂದುಕೊಳ್ಳಬೇಡಿ. ಸೂರ್ಯನಮಸ್ಕಾರವನ್ನು ಬಿಡುವು ಕೊಡದೆ ಬೇಗ ಬೇಗ ಹಾಕಿದರೆ ಅದೂ ಏರೋಬಿಕ್ಕೇ. ಕೋಲಾಟವೂ ಏರೋಬಿಕ್ಕೇ.

ಎಷ್ಟು ಜೋರು? ನೀವು ನರ್ಸ್ ಆದ್ದರಿಂದ ವಾಚ್ ಕೊಳ್ಳಿ ಅಂತ ಹೇಳಬೇಕಾಗಿಲ್ಲ, ಪಲ್ಸ್ ನೋಡಲು ನಿಮಗೆ ಬರುತ್ತದೆ. 220ರಲ್ಲಿ ವಯಸ್ಸು ಕಳೆದರೆ 196. ಅದರ ಶೇ 64ರಿಂದ 76 ಅಂದರೆ ಸುಮಾರು 125ರಿಂದ 149. 15 ಸೆಕೆಂಡಿಗೆ 31ರಿಂದ 37 ಬಡಿತ. ಇದು ಮಧ್ಯಮ ತೀವ್ರತೆ. ಎಣಿಸಲು ಬೇಜಾರಾದರೆ, ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಪೂರ್ತಿ ಒಂದು ವಾಕ್ಯವೂ ಹೇಳಲಾಗದಷ್ಟು ಏದುಸಿರು ಬಂದರೆ ಶುರುವಿನ ವಾರಗಳಿಗೆ ಅದು ಜಾಸ್ತಿಯಾಯಿತು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಸಂಖ್ಯೆ ನೋಡಿ ಕೈಬಿಡಬೇಡಿ. ವ್ಯಾಂಕೂವರ್‌ನವರಿಗೆ ಹೇಳಿದ್ದು ಅದರ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ನೀವೂ 80ರಿಂದಲೇ ಶುರು ಮಾಡಿ.

ಎಲ್ಲಿ ಮಾಡುವುದು ಅಂತ ನೀವು ಕೇಳಲಿಲ್ಲ, ಆದರೆ ಬೆಂಗಳೂರಿನ ಪಿಜಿಯಲ್ಲಿರುವ ಹುಡುಗಿಗೆ ಅದೇ ದೊಡ್ಡ ಪ್ರಶ್ನೆ. ನಸುಕಿನಲ್ಲಿ ರಸ್ತೆಯಲ್ಲಿ ಬೀದಿನಾಯಿ, ಕತ್ತಲೆ. ಒಬ್ಬಳೇ ಹೋಗುವ ಧೈರ್ಯ ಮಾಡಬೇಕಾಗಿಲ್ಲ. ಪಿಜಿಯ ಟೆರೇಸ್ ತೆರೆದಿದ್ದರೆ ಅಲ್ಲಿ ಹಗ್ಗ ಹಾರಬಹುದು. ಒಂದು ನಿಮಿಷ ಹಾರುವುದು, ಒಂದು ನಿಮಿಷ ನಡೆಯುವುದು. ಇಲ್ಲವೇ ಪಿಜಿಯ ಮೆಟ್ಟಿಲು. ಸ್ಪೋರ್ಟ್ಸ್ ಬ್ರಾ ಮತ್ತು ಒಂದು ಜೊತೆ ಬೇರೆ ಶೂ, ಇವೆರಡಕ್ಕೆ ಮಾತ್ರ ದುಡ್ಡು ಖರ್ಚು ಮಾಡಿ. ಡ್ಯೂಟಿ ಶೂ ಹಾಕಿಕೊಂಡು ಹಾರಬೇಡಿ, ಹಿಮ್ಮಡಿ ಹೋಗುತ್ತದೆ. ನಿಮಗೆ ಥ್ರೋಬಾಲ್ ಬರುತ್ತದೆ ಅಂದಿರಿ. ಆಫ್ ದಿನ ನಾಲ್ಕು ಜನ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ನಗುತ್ತಾ ಆಡುವ ಆಟ ಉಳಿಯುತ್ತದೆ, ಒಬ್ಬರೇ ಹಲ್ಲು ಕಚ್ಚಿ ಮಾಡುವ ವ್ಯಾಯಾಮ ಉಳಿಯುವುದು ಕಷ್ಟ.

ಈಗ ಡ್ಯೂಟಿಯ ಲೆಕ್ಕ. ಈವ್ನಿಂಗ್ ಡ್ಯೂಟಿ ವಾರ ಎಲ್ಲಕ್ಕಿಂತ ಸುಲಭ. ಬೆಳಗ್ಗೆ ಏಳು ಗಂಟೆಗೆ ಬೆಳಕಿರುತ್ತದೆ, ಪಾರ್ಕಿನಲ್ಲಿ ಜನ ಇರುತ್ತಾರೆ. ಮಾರ್ನಿಂಗ್ ಡ್ಯೂಟಿ ಇದ್ದಾಗ ಊಟ ಮಾಡಿ ಅರ್ಧ ಗಂಟೆ ಮಲಗಿ, ಐದು ಗಂಟೆ ಸುಮಾರಿಗೆ ಮಾಡಿ. ಮಲಗಿದರೆ ಏಳುವುದಿಲ್ಲ ಅನ್ನುವವರು ನೀವಾದರೆ ಆಸ್ಪತ್ರೆಯಿಂದ ಬರುವಾಗಲೇ ಎರಡು ಸ್ಟಾಪ್ ಮೊದಲು ಇಳಿದು ಜೋರಾಗಿ ನಡೆದುಬಿಡಿ. ರಾತ್ರಿ ಎಂಟಕ್ಕೆ ಈವ್ನಿಂಗ್ ಮುಗಿಸಿ ಮರುದಿನ ಬೆಳಗ್ಗೆ ಎಂಟಕ್ಕೇ ಹೋಗಬೇಕಾದ ದಿನ ಏನೂ ಮಾಡಬೇಡಿ. ಊಟ ಮಾಡಿ ಮಲಗಿ. ನಿದ್ದೆ ಕಡಿದು ಮಾಡುವ ವ್ಯಾಯಾಮಕ್ಕೆ ನನ್ನ ಒಪ್ಪಿಗೆ ಇಲ್ಲ.

ನೈಟ್ ವಾರಕ್ಕೆ ನನ್ನದು ಒಂದೇ ಕಟ್ಟುನಿಟ್ಟು. ನೈಟ್ ಮುಗಿಸಿ ಬಂದ ಬೆಳಗ್ಗೆ ವ್ಯಾಯಾಮ ಬೇಡ. ಹೇಗೂ ಹೊರಗಿದ್ದೀನಿ, ಪಾರ್ಕಿಗೆ ಹೋಗಿ ಬಂದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮೊದಲ ನೈಟ್ ದಿನ ಬೆಳಗ್ಗೆ ಏಳಕ್ಕೆ ಎದ್ದು, ಮಧ್ಯಾಹ್ನ ಮಲಗದೆ ಡ್ಯೂಟಿಗೆ ಹೋದರೆ ಮರುದಿನ ಎಂಟಕ್ಕೆ ನೀವು 25 ಗಂಟೆ ಎಚ್ಚರವಿದ್ದ ಹಾಗಾಯಿತು. 1997ರ ಒಂದು ಹೆಸರುವಾಸಿ ಪ್ರಯೋಗದಲ್ಲಿ, 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಹೊಂದಾಣಿಕೆ 100 ಎಂಎಲ್ ರಕ್ತಕ್ಕೆ 50 ಮಿಲಿಗ್ರಾಂ ಮದ್ಯ ಇದ್ದವರಷ್ಟು ಕೆಟ್ಟಿತ್ತು. 24 ಗಂಟೆಗೆ ಅದು ಸುಮಾರು 100ರ ಮಟ್ಟ ಮುಟ್ಟಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 30. ಆ ಸ್ಥಿತಿಯಲ್ಲಿ ಹಗ್ಗ ಹಾರಿದರೆ ಕಾಲು ಉಳುಕುತ್ತದೆ, ಸ್ಕೂಟಿ ಓಡಿಸಿದರೆ ಜೀವಕ್ಕೇ ಅಪಾಯ. ದಯವಿಟ್ಟು ನೈಟ್ ಮುಗಿಸಿ ಸ್ಕೂಟಿಯಲ್ಲಿ ಬರಬೇಡಿ. ಬಸ್ಸು, ಆಟೋ ಹಿಡಿಯಿರಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬನ್ನಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಷ್ಟೂ ನಿದ್ದೆ ದೂರ ಹೋಗುತ್ತದೆ. ಏನಾದರೂ ಸ್ವಲ್ಪ ತಿಂದು ಮಲಗಿ.

ನೈಟ್ ವಾರದಲ್ಲಿ ವ್ಯಾಯಾಮದ ಹೊತ್ತು ಡ್ಯೂಟಿಗೆ ಮೊದಲು. ಸಂಜೆ ನಾಲ್ಕಕ್ಕೆ ಎದ್ದರೆ ಒಂದು ಬಾಳೆಹಣ್ಣು, ಒಂದು ಕಾಫಿ. ಐದರಿಂದ ಐದೂಕಾಲು ಟೆರೇಸ್ ಅಥವಾ ರಸ್ತೆ. ಆಗ ಬೆಳಕಿರುತ್ತದೆ, ಆ ಬೆಳಕೂ ನಿಮ್ಮನ್ನು ಎಚ್ಚರವಾಗಿಡಲು ಸಹಾಯ ಮಾಡುತ್ತದೆ. ಆಮೇಲೆ ಸ್ನಾನ, ಊಟ, ಡ್ಯೂಟಿ. ಆ ವಾರ ನಾಲ್ಕು ಸಲ ಬೇಡ, ಎರಡು ಸಲ 10–15 ನಿಮಿಷ ಸಾಕು. ಒಂದು ವಾರ ಕಡಿಮೆ ಮಾಡಿದ ಮಾತ್ರಕ್ಕೆ ಗಳಿಸಿದ ಶಕ್ತಿ ಕರಗುವುದಿಲ್ಲ. ಮೊದಲ ನೈಟ್ ದಿನ ಮಧ್ಯಾಹ್ನ ಒಂದೂವರೆ ಎರಡು ಗಂಟೆ ಮಲಗುವುದು ವ್ಯಾಯಾಮಕ್ಕಿಂತ ಮುಖ್ಯ, ಎರಡರಲ್ಲಿ ಒಂದೇ ಆಗುತ್ತದೆ ಅಂದರೆ ನಿದ್ದೆಯನ್ನೇ ಆರಿಸಿ. ನೈಟ್ ಆಫ್ ಸಿಕ್ಕಿದ ದಿನ ಮಧ್ಯಾಹ್ನದ ತನಕ ಮಲಗಿ ಎದ್ದುಬಿಡಿ. ಸಂಜೆ ಬಿಸಿಲಿರುವಾಗ ಸುಮ್ನೆ ಆರಾಮಾಗಿ ಒಂದು ಸುತ್ತು ಹೋಗಿ ಬನ್ನಿ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ಮಲಗುವುದಕ್ಕೆ ಒಂದು ಗಂಟೆ ಇರುವಾಗ ಜೋರಿನ ವ್ಯಾಯಾಮ ಬೇಡ. ಅದಕ್ಕಿಂತ ಮೊದಲು ಮಾಡಿದರೆ ಹೆಚ್ಚಿನವರ ನಿದ್ದೆ ಕೆಡುವುದಿಲ್ಲ.

ವ್ಯಾಂಕೂವರ್ ಅಧ್ಯಯನದ ಇನ್ನೊಂದು ಮುಖ ಹೇಳುತ್ತೇನೆ ಎಂದಿದ್ದೆ. ಎರಡನೇ ವಾರದಲ್ಲಿ ಹೇಳಿದಷ್ಟು ವ್ಯಾಯಾಮ ಮಾಡಿದವರು ನೂರಕ್ಕೆ 55 ಜನ. 12ನೇ ವಾರಕ್ಕೆ ಉಳಿದವರು 23. ಆ್ಯಪ್ ಉಚಿತ, ಮನೆಯಲ್ಲೇ ಮಾಡಬಹುದು, ಬರೇ 20 ನಿಮಿಷ. ಆದರೂ ಮುಕ್ಕಾಲು ಪಾಲು ಜನ ಪೂರ್ತಿ ಮಾಡಲಿಲ್ಲ. ಆ ಗುಂಪಿಗೆ ಲಾಭ ಆಗಿದ್ದು ಈ ಏರಿಳಿತವೆಲ್ಲ ಸೇರಿಯೇ. ನೀವೂ ಮಧ್ಯೆ ಬಿಡುತ್ತೀರಿ. ನೈಟ್ ಬರುತ್ತದೆ, ಪೀರಿಯಡ್ಸ್ ಬರುತ್ತದೆ, ಊರಿನ ಜಾತ್ರೆ ಬರುತ್ತದೆ, ವಾರ್ಡ್‌ನಲ್ಲಿ ಡೆಂಗ್ಯೂ ಕೇಸುಗಳು ತುಂಬಿ ಡಬಲ್ ಡ್ಯೂಟಿ ಬೀಳುತ್ತದೆ. ಬಿಟ್ಟ ದಿನಗಳನ್ನು ಎಣಿಸಿ ‘ನನ್ನ ಕೈಲಾಗಲ್ಲ’ ಅಂತ ತೀರ್ಮಾನಿಸಬೇಡಿ. ಈಗಾಗಲೇ ಕೈಲಾಗುತ್ತಿಲ್ಲ ಅನ್ನಿಸುತ್ತಿರುವವರಿಗೆ ವ್ಯಾಯಾಮವೂ ಇನ್ನೊಂದು ಸೋಲಾಗಬಾರದು. ಹಾಗಾಗಿಯೇ ನಾನು ಚಾರ್ಟ್ ಹಾಕಿಕೊಡುತ್ತಿಲ್ಲ.

ಅಮ್ಮನ ಭಯಕ್ಕೆ ಬರೋಣ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡಾಗ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಾಸನದಲ್ಲಿ ಅಸಹಜ ಏರಿಕೆ ಕಾಣುವುದಿಲ್ಲ ಎಂದಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಧೂಮಪಾನದಂಥ ಗೊತ್ತಿರುವ ಕಾರಣಗಳೇ ಇದ್ದವು. ಆದರೆ ತಾಯಿಯ ಭಯ ವರದಿ ಓದಿ ಹೋಗುವಂಥದ್ದಲ್ಲ, ಅಲ್ವಾ? ಅವರಿಗೆ ಇಷ್ಟು ಹೇಳಿ. ಜೋರಾಗಿ ಮೈ ದಂಡಿಸುವ ಹೊತ್ತಿನಲ್ಲಿ ಹೃದಯಕ್ಕೆ ಅಪಾಯ ಸ್ವಲ್ಪ ಏರುವುದು ನಿಜ. ಆದರೆ ಅದು ಜಾಸ್ತಿ ಇರುವುದು ಅಭ್ಯಾಸವೇ ಇಲ್ಲದೆ ಒಮ್ಮೆಲೇ ಶುರು ಮಾಡುವವರಿಗೆ. ನಿಧಾನಕ್ಕೆ ರೂಢಿ ಮಾಡಿಕೊಂಡವರಿಗೆ ಆ ಅಪಾಯ ತಗ್ಗುತ್ತದೆ, ಉಳಿದ ಇಪ್ಪತ್ತಮೂರು ಗಂಟೆಯ ಅಪಾಯವೂ ತಗ್ಗುತ್ತದೆ.

ನೀವು ಮೊದಲು ಡಾಕ್ಟರ್ ಹತ್ತಿರ ಹೋಗಲೇಬೇಕಾದ ಸಂದರ್ಭಗಳಿವೆ. ಮನೆಯಲ್ಲಿ ಯಾರಾದರೂ 50ರ ಒಳಗೆ ಹಠಾತ್ತಾಗಿ ಸತ್ತಿದ್ದರೆ. ಓಡುವಾಗ, ಆಡುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ. ಶ್ರಮ ಪಟ್ಟಾಗ ಎದೆ ನೋವು, ಹಿಡಿತ ತಪ್ಪಿದ ಎದೆಬಡಿತ ಬಂದಿದ್ದರೆ. ಜ್ವರ ಇರುವಾಗ ವ್ಯಾಯಾಮ ಬೇಡವೇ ಬೇಡ. ವೈರಲ್ ಜ್ವರದ ಜೊತೆ ಹೃದಯದ ಸ್ನಾಯುವಿಗೂ ಊತ ಬರುವುದುಂಟು, ಪೂರ್ತಿ ಚೇತರಿಸಿಕೊಂಡ ಮೇಲೆ ಮತ್ತೆ ನಿಧಾನಕ್ಕೆ ಶುರು ಮಾಡಿ.

ಮಂಚ ಬಿಟ್ಟು ಏಳಲು ಆಗುವುದಿಲ್ಲ ಅಂದಿರಲ್ಲ. ಅದನ್ನು ನಾನು ಮನಸ್ಸಿನ ಲೆಕ್ಕಕ್ಕೆ ಮಾತ್ರ ಹಾಕುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57 ಜನಕ್ಕೆ ರಕ್ತಹೀನತೆ. ದಿನಾ ಬೇರೆಯವರ ರಕ್ತ ತೆಗೆದು ಲ್ಯಾಬ್‌ಗೆ ಕಳಿಸುವ ನೀವು ನಿಮ್ಮದನ್ನು ಕಡೆಯ ಸಲ ಯಾವಾಗ ಕಳಿಸಿದಿರಿ? ಈ ವಾರವೇ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಕಬ್ಬಿಣದ ಮಾತ್ರೆಯನ್ನು ಟೀ ಕಾಫಿ ಜೊತೆ ನುಂಗಬೇಡಿ. ಹಿಮೋಗ್ಲೋಬಿನ್ ಒಂಬತ್ತು ಇಟ್ಟುಕೊಂಡು ಹಗ್ಗ ಹಾರಿ, ಸುಸ್ತಾದಾಗ ‘ನಾನು ಸೋಮಾರಿ’ ಅಂದುಕೊಳ್ಳುವ ಹುಡುಗಿಯರನ್ನು ನೋಡಿದ್ದೇನೆ. ಅದು ಸೋಮಾರಿತನ ಅಲ್ಲ.

ವ್ಯಾಯಾಮದ ಕೈ ಮೀರಿದ ಸ್ಥಿತಿಯೂ ಇದೆ, ಅದನ್ನು ಹೇಳದೆ ಬಿಡಲಾರೆ. ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಆಫ್ ಇದ್ದ ದಿನವೂ ನಿದ್ದೆ ಬರದಿದ್ದರೆ, ಸಾಯುವ ಯೋಚನೆ ಒಂದು ಸಲ ಬಂದು ಹೋಗಿದ್ದರೂ ಸರಿ, ಮನೋವೈದ್ಯರನ್ನು ಕಾಣಿ. ನಿಮ್ಮ ಆಸ್ಪತ್ರೆಯಲ್ಲಿ ಬೇಡ ಅನ್ನಿಸಿದರೆ ಬೇರೆ ಕಡೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿಯ ಮೂರು ಗಂಟೆಗೂ ಅಲ್ಲಿ ಯಾರಾದರೂ ಇರುತ್ತಾರೆ.

ಸ್ಟಾಫ್ ಕಡಿಮೆ ಇರುವುದು ಆಸ್ಪತ್ರೆಯ ತಪ್ಪು ಅಂತ ಒಪ್ಪಿದೆ. ಹಾಗಂತ ಸುಮ್ಮನಿರಬೇಡಿ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡ್‌ಗೆ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು. ನಿಮ್ಮ ವಾರ್ಡ್‌ನಲ್ಲಿ ಎಷ್ಟಿದೆ ಅಂತ ಒಂದು ತಿಂಗಳು ಡ್ಯೂಟಿಗೊಂದರಂತೆ ಬರೆದಿಡಿ. ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. ಕೇಳುವುದು ಚಿಕ್ಕದಾಗಿರಲಿ. ಸತತ ಆರು ನೈಟ್ ಬದಲು ಮೂರು ಮೂರು ಮಾಡಲು ಆಗುತ್ತದಾ? ಈವ್ನಿಂಗ್ ಮುಗಿದ ಮರುದಿನವೇ ಮಾರ್ನಿಂಗ್ ಹಾಕುವುದನ್ನು ನಿಲ್ಲಿಸಬಹುದಾ? ರೋಸ್ಟರ್ ಒಂದು ವಾರ ಮೊದಲು ಸಿಗುತ್ತದಾ? ರೋಸ್ಟರ್ ಮೊದಲೇ ಗೊತ್ತಾದರೆ ನಿದ್ದೆ, ಊಟ, ವ್ಯಾಯಾಮ ಮೂರನ್ನೂ ಹೊಂದಿಸಿಕೊಳ್ಳಬಹುದು. ವ್ಯಾಯಾಮ ಮಾಡಿ ಎಂದು ಕ್ಲಾಸ್ ತೆಗೆದುಕೊಂಡ ಆಸ್ಪತ್ರೆಗೆ ಇದು ಅರ್ಥವಾಗಬೇಕು. ಅವರ ಮಾತಿಗೆ ನೀವು ಬೆಲೆ ಕೊಟ್ಟೇ ಇದನ್ನು ಕೇಳುತ್ತಿದ್ದೀರಿ.

ಮುಂದಿನ ಆಫ್ ದಿನ ಶುರು ಮಾಡಿ. ಅದಕ್ಕೆ ಮೊದಲು ಒಂದು ಕೆಲಸ. ಚೆನ್ನಾಗಿ ನಿದ್ದೆಯಾದ ಬೆಳಗ್ಗೆ ಎದ್ದ ತಕ್ಷಣ, ಮಲಗಿಕೊಂಡೇ, ಒಂದು ಪೂರ್ತಿ ನಿಮಿಷ ಪಲ್ಸ್ ಎಣಿಸಿ ದಿನಾಂಕದ ಜೊತೆ ಬರೆದಿಡಿ. ಎಂಟು ಹತ್ತು ವಾರ ಆದಮೇಲೆ, ನೈಟ್ ಇಲ್ಲದ ವಾರ ನೋಡಿ, ಮತ್ತೆ ಎಣಿಸಿ. ಹೃದಯಕ್ಕೆ ರೂಢಿಯಾದ ಹಾಗೆ ಆ ಸಂಖ್ಯೆ ಕೆಲವು ಬಡಿತ ಇಳಿಯುತ್ತದೆ. ಎರಡೂ ಸಂಖ್ಯೆಗಳ ಜೊತೆ ಹಿಮೋಗ್ಲೋಬಿನ್ ಎಷ್ಟು ಬಂತು ಅಂತಲೂ ನನಗೆ ಬರೆಯಿರಿ. ಹಿಮೋಗ್ಲೋಬಿನ್ ಸರಿಯಿದ್ದೂ ಏಳಲು ಆಗದಷ್ಟು ಸುಸ್ತು ಹಾಗೇ ಇದ್ದರೆ ಹತ್ತು ವಾರ ಕಾಯಬೇಡಿ, ಕೂಡಲೇ ಬರೆಯಿರಿ. ಬೇರೆ ಏನಿದೆ ಅಂತ ನೋಡೋಣ.